ಹದಿಮೂರರ ಹುಡುಗಿ ಗಂಡಸರ ಮಣೆಗೆ ಕೂತಾಗ

ಇಸವಿ 1976. ಊರು ಬೊಂಬಾಯಿ. ಹುಡುಗಿಯ ಹೆಸರು ಕುಮಾರಿ ರೋಹಿಣಿ ಖಾಡಿಲ್ಕರ್. ವಯಸ್ಸು ಬರೀ ಹದಿಮೂರು.

ಆ ವರ್ಷ ಈ ಹುಡುಗಿ ಪುರುಷರ ರಾಷ್ಟ್ರೀಯ ಚೆಸ್ ಚಾಂಪಿಯನ್‌ಷಿಪ್ಪಿಗೆ ಆಡೋಕೆ ಹೊರಟಳು. ಹೊರಟದ್ದೇ ತಡ, ದೊಡ್ಡ ಗದ್ದಲ. ಎರಡು ಜಡೆಯ ವಯಸ್ಸಿನ ಹುಡುಗಿ ಮೀಸೆ ಹೊತ್ತ ಗಂಡಸರ ಪಂದ್ಯದಲ್ಲಿ ಕೂರೋದು ಅಂದರೇನು? ವಿಷಯ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಅಲ್ಲಿ ಹುಡುಗಿಯ ಕಡೆಗೆ ಜಯ ಸಿಕ್ಕಿತು. ಅಷ್ಟಕ್ಕೇ ಮುಗಿಯದೆ, ಮಾತು ಸಮುದ್ರ ದಾಟಿ ವಿಶ್ವ ಚೆಸ್ ಫೆಡರೇಷನ್ನಿನ ಅಧ್ಯಕ್ಷರ ತನಕ ಹೋಯಿತು. ಅವರೂ ಹೇಳಿದ್ದು ಒಂದೇ: ಹೆಣ್ಣು ಅನ್ನುವ ಕಾರಣಕ್ಕೆ ಯಾರನ್ನೂ ರಾಷ್ಟ್ರೀಯ ಪಂದ್ಯದಿಂದಾಗಲಿ ಅಂತಾರಾಷ್ಟ್ರೀಯ ಪಂದ್ಯದಿಂದಾಗಲಿ ಹೊರಗಿಡುವಂತಿಲ್ಲ.

ಹುಡುಗಿ ಆಡಿದಳು. ಆಡಿ, ಮೂರು ರಾಜ್ಯಗಳ ಚಾಂಪಿಯನ್ ಅನ್ನಿಸಿಕೊಂಡಿದ್ದ ಮೂವರು ಗಂಡಸರನ್ನು ಮಣಿಸಿದಳು. ಭಾರತದ ಪುರುಷರ ರಾಷ್ಟ್ರೀಯ ಪಂದ್ಯದಲ್ಲಿ ಆಡಿದ ಮೊಟ್ಟಮೊದಲ ಹೆಣ್ಣು ಅನ್ನುವ ಹೆಸರು ಅವಳ ಪಾಲಾಯಿತು.

ಈಗ ಯಾಕಪ್ಪಾ ಈ ಹಳೇ ಕಥೆ ಅಂತೀರಾ? ಕಾರಣ ಇದೆ.

ಬಸ್ಸಿನಲ್ಲಿ ಕೇಳಿದ ಮಾತು

2025ರ ಜುಲೈನಲ್ಲಿ ಜಾರ್ಜಿಯಾ ದೇಶದ ಬಟುಮಿಯಲ್ಲಿ ಮಹಿಳೆಯರ ವಿಶ್ವಕಪ್ ಚೆಸ್ ನಡೆಯಿತು. ಫೈನಲಿನಲ್ಲಿ ಎದುರುಬದುರು ಕೂತವರು ಇಬ್ಬರೂ ನಮ್ಮವರೇ. ಆಂಧ್ರದ ಕೊನೇರು ಹಂಪಿ ಒಂದು ಕಡೆ, ನಾಗಪುರದ ದಿವ್ಯಾ ದೇಶಮುಖ್ ಇನ್ನೊಂದು ಕಡೆ. ಹತ್ತೊಂಬತ್ತರ ದಿವ್ಯಾ ಗೆದ್ದಳು, ಗೆದ್ದ ಏಟಿಗೇ ಗ್ರ್ಯಾಂಡ್‌ಮಾಸ್ಟರ್ ಆದಳು. ಅದಕ್ಕೂ ಹಿಂದಿನ ವರ್ಷ, 2024ರಲ್ಲಿ, ಬುಡಾಪೆಸ್ಟಿನ ಚೆಸ್ ಒಲಿಂಪಿಯಾಡಿನಲ್ಲಿ ಭಾರತದ ಮಹಿಳಾ ತಂಡ ಚಿನ್ನ ಗೆದ್ದಿತ್ತು.

ಆ ದಿನಗಳಲ್ಲಿ ಸಿಟಿ ಬಸ್ಸಿನಲ್ಲಿ ಈ ವರದಿಗಾರನ ಹಿಂದಿನ ಸೀಟಿನಿಂದ ಒಂದು ಮಾತು ಕೇಳಿಬಂತು. "ಈಗಿನ ಕಾಲದ ಹುಡುಗೀರು ಬಿಡ್ರೀ, ಎಲ್ಲಾದ್ರಲ್ಲೂ ಮುಂದೆ." ಮಾತೇನೋ ಖುಷಿಯದು. ಆದರೆ "ಈಗಿನ ಕಾಲ" ಅನ್ನೋದು ತಾನಾಗೇ ಬಂದುಬಿಡಲಿಲ್ಲ. ಅದಕ್ಕೆ ಮುಂಚೆ ಯಾರೋ ಬಾಗಿಲು ತಟ್ಟಿದ್ದಾರೆ, ಬೈಸಿಕೊಂಡಿದ್ದಾರೆ, ಕೋರ್ಟಿಗೆ ಅಲೆದಿದ್ದಾರೆ. ಅವರಲ್ಲಿ ಮೊದಲಿನವಳು ಈ ರೋಹಿಣಿ. ಇನ್ನೊಂದು ಸಂಗತಿ ಏನು ಗೊತ್ತಾ? ಮಹಿಳಾ ರಾಷ್ಟ್ರೀಯ ಚೆಸ್ ಅನ್ನುವ ಪಂದ್ಯ ಶುರುವಾದದ್ದೇ ನಮ್ಮ ಬೆಂಗಳೂರಿನಲ್ಲಿ, 1974ರಲ್ಲಿ.

ವರ್ಷಕ್ಕೊಬ್ಬಳು ಚಾಂಪಿಯನ್

ಬೆಂಗಳೂರಿನ ಆ ಮೊದಲ ಪಂದ್ಯ ಗೆದ್ದವಳು ವಾಸಂತಿ ಖಾಡಿಲ್ಕರ್, ರೋಹಿಣಿಯ ದೊಡ್ಡಕ್ಕ. ಮರುವರ್ಷ ಗೆದ್ದವಳು ನಡುವಿನ ಅಕ್ಕ ಜಯಶ್ರೀ. ಅದರ ಮರುವರ್ಷ, 1976ರಲ್ಲಿ, ಕೇರಳದ ಕೊಟ್ಟಾಯಂನಲ್ಲಿ ಪಟ್ಟ ಏರಿದವಳು ಕಿರಿಯಳಾದ ರೋಹಿಣಿ. ಒಂದೇ ಮನೆ, ಮೂರು ಹೆಣ್ಣುಮಕ್ಕಳು, ಮೂರು ವರ್ಷ, ಮೂರು ಪಟ್ಟ! ಮೂವರೂ ಆಗ ಹೈಸ್ಕೂಲು ವಯಸ್ಸಿನವರು. ಮುಂದೆ ಸುಮಾರು ಹತ್ತು ವರ್ಷ ದೇಶದ ಮಹಿಳಾ ಚೆಸ್ ಅಂದರೆ ಖಾಡಿಲ್ಕರ್ ಮನೆ ಅನ್ನುವ ಹಾಗಾಯಿತು. ರೋಹಿಣಿ ಒಬ್ಬಳೇ ಐದು ಸಲ ರಾಷ್ಟ್ರೀಯ ಚಾಂಪಿಯನ್. ಜಯಶ್ರೀ ನಾಲ್ಕು ಸಲ. ಭಾರತದಲ್ಲಿ ಮಹಿಳಾ ಇಂಟರ್‌ನ್ಯಾಷನಲ್ ಮಾಸ್ಟರ್ ಅನ್ನುವ ಬಿರುದನ್ನು ಮೊದಲು ಪಡೆದವಳೂ ಜಯಶ್ರೀಯೇ, 1979ರಲ್ಲಿ.

ಇವರದು ಹೊಸಬರ ಮನೆಯಲ್ಲ. ಮುತ್ತಜ್ಜ ಕೃಷ್ಣಾಜಿ ಪ್ರಭಾಕರ ಖಾಡಿಲ್ಕರ್. ಲೋಕಮಾನ್ಯ ತಿಲಕರ ಜೊತೆ ಕೇಸರಿ ಪತ್ರಿಕೆಯಲ್ಲಿ ದುಡಿದವರು. 'ಕೀಚಕವಧ' ನಾಟಕ ಬರೆದು, ಇಂಗ್ಲಿಷ್ ಸರ್ಕಾರ ಅದನ್ನು ನಿಷೇಧಿಸುವ ಹಾಗೆ ಮಾಡಿದವರು. ಬಾಲಗಂಧರ್ವರು ಹಾಡಿ ಕುಣಿಸಿದ 'ಸ್ವಯಂವರ', 'ಮಾನಾಪಮಾನ' ನಾಟಕಗಳೂ ಅವರ ಕೈಯವೇ. ನಮ್ಮ ಹುಬ್ಬಳ್ಳಿ, ಧಾರವಾಡದ ಹಳೇ ರಂಗಾಸಕ್ತರಿಗೆ ಈ ಹೆಸರು ಹೊಸದಲ್ಲ. 1923ರಲ್ಲಿ ಅವರು 'ನವಾಕಾಳ್' ಅನ್ನುವ ಮರಾಠಿ ಪತ್ರಿಕೆ ಶುರು ಮಾಡಿದರು. ಅದನ್ನು ಮುಂದೆ ನಡೆಸಿದ ಸಂಪಾದಕ ನೀಲಕಂಠ ಖಾಡಿಲ್ಕರ್, ಈ ಮೂವರು ಹುಡುಗಿಯರ ತಂದೆ. ಅವರು 2019ರಲ್ಲಿ ತೀರಿಕೊಂಡರು.

ಪತ್ರಿಕೆಯ ಮನೆ ಅಂದಮೇಲೆ ವಾದ, ವಿವಾದ, ಕೋರ್ಟು ಕಚೇರಿ ಯಾವುದಕ್ಕೂ ಹೆದರಿಕೆ ಇರಲಿಲ್ಲ ಅಂತ ಕಾಣುತ್ತೆ. ಬೇರೆ ಮನೆಯಾಗಿದ್ದರೆ, "ಹೋಗ್ಲಿ ಬಿಡಮ್ಮ, ಯಾಕೆ ಉಸಾಬರಿ, ನಿನ್ನ ಪಂದ್ಯ ನೀನು ಆಡು" ಅಂತ ಮಗಳನ್ನು ಸುಮ್ಮನಾಗಿಸುತ್ತಿದ್ದರೋ ಏನೋ.

ಬೇರೆ ಪಂದ್ಯ ಇದೆಯಲ್ಲ, ಇದ್ಯಾಕೆ?

ಓದುಗರು ಇಲ್ಲೊಂದು ಪ್ರಶ್ನೆ ಕೇಳಬಹುದು. ಮಹಿಳೆಯರಿಗೇ ಅಂತ ರಾಷ್ಟ್ರೀಯ ಪಂದ್ಯ ಇತ್ತು. ಅದರಲ್ಲಿ ಈಕೆಯೇ ಚಾಂಪಿಯನ್. ಮತ್ತೆ ಗಂಡಸರ ಪಂದ್ಯದ ಗೊಡವೆ ಯಾಕೆ?

ಪೇಟೆಯ ಲೆಕ್ಕದಲ್ಲೇ ಹೇಳೋಣ. ಬೀದಿಗೆ ಒಂದೇ ಅಂಗಡಿ ಇದ್ದರೆ ಆ ಅಂಗಡಿಯವನಿಗೆ ತೂಕ, ದರ, ಗಿರಾಕಿ ಯಾವುದರ ಚಿಂತೆಯೂ ಇಲ್ಲ. ಎದುರಿಗೆ ಇನ್ನೊಂದು ಅಂಗಡಿ ಬಿದ್ದ ದಿನ ನೋಡಿ, ತಕ್ಕಡಿ ಸರಿಯಾಗುತ್ತೆ, ಮುಖದಲ್ಲಿ ನಗು ಬರುತ್ತೆ! ಚೆಸ್ ಕೂಡ ಹಾಗೇ. ತನಗಿಂತ ಬಲವಾದವರ ಎದುರು ಕೂತು, ಸೋತು, ಯಾಕೆ ಸೋತೆ ಅಂತ ರಾತ್ರಿಯಿಡೀ ಯೋಚಿಸಿದರೇನೇ ಆಟ ಬೆಳೆಯೋದು. ಆಗ ದೇಶದಲ್ಲಿ ಚೆಸ್ ಆಡುವ ಹೆಣ್ಣುಮಕ್ಕಳೇ ಬೆರಳೆಣಿಕೆ. ಅದರಲ್ಲೂ ಬಲವಾದ ಇಬ್ಬರು ಎದುರಾಳಿಗಳು ಅವಳ ಅಕ್ಕಂದಿರೇ. ಅಡುಗೆಮನೆ ಪಕ್ಕದ ಕೋಣೆಯಲ್ಲೇ ಸಿಗುವ ಎದುರಾಳಿ ಎಷ್ಟು ದಿನ ಸಾಕಾಗುತ್ತಾರೆ?

ಗಂಡಸರ ಕಡೆಯ ಪರಿಸ್ಥಿತಿ ಕೂಡ ಆಗ ಅಂಥ ದೊಡ್ಡದಲ್ಲ ಅನ್ನಿ. 1976ರಲ್ಲಿ ಇಡೀ ಭಾರತಕ್ಕೆ ಇದ್ದದ್ದು ಒಬ್ಬನೇ ಇಂಟರ್‌ನ್ಯಾಷನಲ್ ಮಾಸ್ಟರ್, ಮದರಾಸಿನ ಮ್ಯಾನ್ಯುಯಲ್ ಆರನ್. ವಿಶ್ವನಾಥನ್ ಆನಂದ್ ನಮ್ಮ ಮೊದಲ ಗ್ರ್ಯಾಂಡ್‌ಮಾಸ್ಟರ್ ಆಗೋಕೆ ಇನ್ನೂ ಹತ್ತು ವರ್ಷಕ್ಕಿಂತ ಹೆಚ್ಚು ಬೇಕಿತ್ತು. ಕಂಪ್ಯೂಟರ್ ಇಲ್ಲ. ಮೊಬೈಲು ಇಲ್ಲ. ವಿದೇಶದ ಪುಸ್ತಕ ಸಿಕ್ಕರೆ ಪುಣ್ಯ. ಆಟ ಅಂದರೆ ಐದೈದು ಗಂಟೆ ಕೂರಬೇಕು. ದೊಡ್ಡ ಪಂದ್ಯಗಳಲ್ಲಿ ಒಬ್ಬೊಬ್ಬರಿಗೆ ಎರಡೂವರೆ ಗಂಟೆ, ಅಷ್ಟರಲ್ಲಿ 40 ನಡೆ ಮುಗಿಸಬೇಕು. ಆಮೇಲೂ ಆಟ ಉಳಿದರೆ ಮುಂದಿನ ನಡೆಯನ್ನು ಚೀಟಿಯಲ್ಲಿ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ತೀರ್ಪುಗಾರನ ಕೈಗೆ ಕೊಟ್ಟು ಏಳಬೇಕು. ಆಟ ಮತ್ತೆ ಮುಂದುವರಿಯುವಾಗಲೇ ಲಕೋಟೆ ಒಡೆಯೋದು. ಆ ತನಕ ನಿದ್ದೆ ಎಲ್ಲಿಂದ ಬರಬೇಕು? ಹದಿಮೂರರ ಹುಡುಗಿ ಇಂಥ ಕಡೆ ಹೋಗಿ ದೊಡ್ಡವರ ಜೊತೆ ಆಡಿ ಬಂದಳು ಅನ್ನೋದು ಸಣ್ಣ ಮಾತಲ್ಲ.

ತೀರ್ಪು ಕೊಟ್ಟ ಮೇಷ್ಟ್ರು

ಇನ್ನು ಆ ವಿಶ್ವ ಫೆಡರೇಷನ್ನಿನ ಅಧ್ಯಕ್ಷರ ವಿಷಯ. ಅವರ ಹೆಸರು ಮ್ಯಾಕ್ಸ್ ಯೂವೆ. ಹಾಲೆಂಡಿನವರು. 1935ರಿಂದ 1937ರ ತನಕ ಅವರೇ ವಿಶ್ವ ಚಾಂಪಿಯನ್. ಹೊಟ್ಟೆಪಾಡಿಗೆ ಗಣಿತದ ಮೇಷ್ಟ್ರು, ಅದೂ ಆಮ್‌ಸ್ಟರ್‌ಡ್ಯಾಮಿನ ಹೆಣ್ಣುಮಕ್ಕಳ ಶಾಲೆಯಲ್ಲಿ! ಹುಡುಗಿಯರಿಗೆ ಲೆಕ್ಕ ಬರುತ್ತೋ ಇಲ್ಲವೋ ಅನ್ನುವ ಅನುಮಾನ ಅವರಿಗೆ ಇರಲಾರದು.

ಅನುಮಾನ ಇಲ್ಲದಿರೋಕೆ ಇನ್ನೂ ಒಂದು ಕಾರಣ ಇತ್ತು. ಸ್ವತಃ ಅವರೇ ಒಬ್ಬ ಹೆಣ್ಣುಮಗಳ ಕೈಲಿ ಸೋತವರು.

ಆಕೆ ವೇರಾ ಮೆಂಚಿಕ್. ಮಾಸ್ಕೋದಲ್ಲಿ ಹುಟ್ಟಿ ಇಂಗ್ಲೆಂಡಿಗೆ ಬಂದು ನೆಲೆಸಿದವಳು. 1927ರಲ್ಲಿ ಪ್ರಪಂಚದ ಮೊದಲ ಮಹಿಳಾ ಚೆಸ್ ಚಾಂಪಿಯನ್. 1929ರಲ್ಲಿ ಕಾರ್ಲ್ಸ್‌ಬಾಡಿನ ದೊಡ್ಡ ಪಂದ್ಯದಲ್ಲಿ 22 ಆಟಗಾರರ ನಡುವೆ ಈಕೆ ಒಬ್ಬಳೇ ಹೆಣ್ಣು. ಆಸ್ಟ್ರಿಯಾದ ಬೆಕರ್ ಅನ್ನುವ ಆಟಗಾರ ನಗಾಡಿದ: ಈಕೆಗೆ ಸೋತವರನ್ನೆಲ್ಲ ಸೇರಿಸಿ 'ವೇರಾ ಮೆಂಚಿಕ್ ಕ್ಲಬ್' ಮಾಡೋಣ ಅಂತ. ನಗಾಡಿದವನೇ ಅವಳಿಗೆ ಸೋತು ಕ್ಲಬ್ಬಿನ ಮೊದಲ ಮೆಂಬರ್ ಆದ! ಮುಂದೆ ಇಂಗ್ಲೆಂಡಿನ ಹೇಸ್ಟಿಂಗ್ಸ್ ಪಂದ್ಯಗಳಲ್ಲಿ ನಮ್ಮ ಯೂವೆ ಮೇಷ್ಟ್ರು ಎರಡು ಸಲ ಅವಳ ಕೈಲಿ ಸೋತರು. ಸೋತ ಕೆಲವೇ ವರ್ಷಕ್ಕೆ ವಿಶ್ವ ಚಾಂಪಿಯನ್ ಆದರು. ಮೆಂಚಿಕ್ 1944ರಲ್ಲಿ, ಮಹಾಯುದ್ಧದ ಸಮಯ, ಲಂಡನ್ನಿನ ಮನೆಯ ಮೇಲೆ ಜರ್ಮನ್ನರ ಹಾರುವ ಬಾಂಬು ಬಿದ್ದು ತಾಯಿ, ತಂಗಿಯ ಜೊತೆ ಸತ್ತಳು. ಸಾಯುವ ದಿನದ ತನಕ ಪಟ್ಟ ಅವಳದೇ.

ಇಂಥ ಹೆಣ್ಣಿನ ಎದುರು ಮಣೆ ಹಾಕಿ ಕೂತಿದ್ದ ಮನುಷ್ಯನ ಮುಂದೆ ನಲವತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಬೊಂಬಾಯಿ ಹುಡುಗಿಯ ಪ್ರಶ್ನೆ ಬಂತು. ಅವರು ಯಾವ ಕಡೆ ನಿಂತರು ಅನ್ನೋದರಲ್ಲಿ ಆಶ್ಚರ್ಯ ಇಲ್ಲ.

ಆದೇಶ ಬಂದ ಮಾತ್ರಕ್ಕೆ ಎಲ್ಲರ ಬುದ್ಧಿ ನೆಟ್ಟಗಾಯಿತು ಅಂತ ತಿಳಿಯಬೇಡಿ. ಹತ್ತು ವರ್ಷದ ಮೇಲೆ, 1986ರಲ್ಲಿ, ಹಂಗೇರಿಯ ಸೂಸನ್ ಪೋಲ್ಗಾರ್ ಪುರುಷರ ವಿಶ್ವ ಚಾಂಪಿಯನ್‌ಷಿಪ್ಪಿನ ಅರ್ಹತಾ ಸುತ್ತಿಗೆ ಆಯ್ಕೆಯಾದರೂ ಹೆಣ್ಣೆಂಬ ಕಾರಣಕ್ಕೆ ಬಿಡಲಿಲ್ಲ. ಅಲ್ಲೂ ಮೂವರು ಅಕ್ಕತಂಗಿಯರು, ಅಲ್ಲೂ ಅದೇ ಜಗಳ. ಆ ಮೂವರಲ್ಲಿ ಕಿರಿಯಳಾದ ಜೂಡಿತ್ 2002ರಲ್ಲಿ ಕ್ಯಾಸ್ಪರೋವ್‌ನನ್ನೇ ಸೋಲಿಸಿದಳು. ಈಗ ಆ ಪಂದ್ಯಗಳ ಹೆಸರಿನಲ್ಲಿ "ಪುರುಷರ" ಅನ್ನುವ ಮಾತೇ ಇಲ್ಲ. "ಓಪನ್" ಅಂತಾರೆ. ಅಂದರೆ ಎಲ್ಲರಿಗೂ ತೆರೆದದ್ದು.

ಹೈದರಾಬಾದಿನ ಹನ್ನೊಂದೂವರೆ

ಗಂಡಸರ ಜೊತೆ ಆಡಿದ ಫಲ ಸಿಕ್ಕಿತಾ? ಲೆಕ್ಕ ನೋಡಿ.

1978ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್, 1980ರಲ್ಲಿ ಮಾಲ್ಟಾ, 1982ರಲ್ಲಿ ಸ್ವಿಟ್ಜರ್ಲೆಂಡಿನ ಲೂಸರ್ನ್. ಮೂರೂ ಒಲಿಂಪಿಯಾಡುಗಳಲ್ಲಿ ರೋಹಿಣಿ ಭಾರತದ ಪರವಾಗಿ ಆಡಿದರು. 1980ರ ಅರ್ಜುನ ಪ್ರಶಸ್ತಿ ಅವರದಾಯಿತು. ಚೆಸ್ಸಿಗೆ ಮೊದಲ ಅರ್ಜುನ 1961ರದು, ಆರನ್ ಅವರಿಗೆ. ಹೆಣ್ಣುಮಕ್ಕಳಲ್ಲಿ ರೋಹಿಣಿಯೇ ಮೊದಲು.

1981ರಲ್ಲಿ ಹೈದರಾಬಾದಿನಲ್ಲಿ ಏಷ್ಯಾ ಮಹಿಳಾ ಚಾಂಪಿಯನ್‌ಷಿಪ್. ಹನ್ನೆರಡು ಆಟ, ಹನ್ನೊಂದೂವರೆ ಅಂಕ. ಗೆದ್ದರೆ ಒಂದು, ಡ್ರಾ ಆದರೆ ಅರ್ಧ. ಅಂದರೆ ಹನ್ನೊಂದು ಗೆಲುವು, ಒಂದು ಡ್ರಾ, ಸೋಲೇ ಇಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟ ಈ ವರದಿಗಾರನಿಗೂ ತಟ್ಟನೆ ತಿಳಿಯುವ ಲೆಕ್ಕ ಇದು! ಅದೇ ವರ್ಷ ರೋಹಿಣಿಗೂ ಮಹಿಳಾ ಇಂಟರ್‌ನ್ಯಾಷನಲ್ ಮಾಸ್ಟರ್ ಬಿರುದು ಬಂತು. 1983ರಲ್ಲಿ ಮಲೇಷ್ಯಾದ ಕೌಲಾಲಂಪುರದಲ್ಲಿ ಏಷ್ಯಾ ಪಟ್ಟ ಮತ್ತೊಮ್ಮೆ ಗೆದ್ದರು.

ಇಷ್ಟಾದರೂ ಚೆಸ್ ಅವರನ್ನು ಜೀವನಪೂರ್ತಿ ಹಿಡಿದಿಡಲಿಲ್ಲ. ಆಟ ಬಿಟ್ಟ ಮೇಲೆ ಅವರು ಹಿಡಿದದ್ದು ಮುದ್ರಣ ತಂತ್ರಜ್ಞಾನದ ಓದು. ಆಮೇಲೆ ಮನೆತನದ ಕಸುಬು. 1998ರಲ್ಲಿ ನವಾಕಾಳ್ ಬಳಗದ 'ಸಂಧ್ಯಾಕಾಳ್' ಪತ್ರಿಕೆಗೆ ಸಂಪಾದಕಿ. ಹೆಸರೇ ಹೇಳುವ ಹಾಗೆ, ಅದು ನಿಮ್ಮ ಕೈಲಿರುವ ಈ ಪತ್ರಿಕೆಯಂಥದೇ ಸಂಜೆ ಪತ್ರಿಕೆ. ಅಕ್ಕ ಜಯಶ್ರೀ ಮುಂದೆ ನವಾಕಾಳ್ ಸಂಪಾದಕಿಯಾದರು. ಸಂಜೆ ಪತ್ರಿಕೆಯ ಕೆಲಸ ಏನು ಅಂತ ನಮಗೆ ಗೊತ್ತು. ಬೆಳಗಿನ ಪತ್ರಿಕೆ ಬಿಟ್ಟದ್ದನ್ನು ಹುಡುಕಬೇಕು. ಮಧ್ಯಾಹ್ನದೊಳಗೆ ಬರೆದು ಮುಗಿಸಬೇಕು. ಬಸ್ಸು ಹೊರಡುವ ಮುಂಚೆ ಕಟ್ಟು ಸ್ಟ್ಯಾಂಡಿನಲ್ಲಿ ಇರಬೇಕು. ಗಡಿಯಾರ ಪಕ್ಕದಲ್ಲಿಟ್ಟುಕೊಂಡು ಆಡಿ ಬೆಳೆದವರಿಗೆ ಇದು ಒಗ್ಗುವ ಕಸುಬೇ.

ಬಂದು ಹೋದವಳು, ಆಮೇಲೆ ಬಂದವರು

ರೋಹಿಣಿಗಿಂತ ಮೊದಲು ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಚೆಸ್ ಬುದ್ಧಿ ಇರಲಿಲ್ಲವೇ? ಇತ್ತು. 1933ರಲ್ಲಿ ಇಂಗ್ಲೆಂಡಿನ ಹೇಸ್ಟಿಂಗ್ಸ್‌ನಲ್ಲಿ ಬ್ರಿಟಿಷ್ ಮಹಿಳಾ ಚಾಂಪಿಯನ್ ಆದವಳು ಮಿಸ್ ಫಾತಿಮಾ. ಪಂಜಾಬಿನ ಜಮೀನ್ದಾರ ಸರ್ ಉಮರ್ ಹಯಾತ್ ಖಾನರ ಪರಿವಾರದ ಕೆಲಸದ ಹುಡುಗಿ. ಹನ್ನೊಂದು ಆಟದಲ್ಲಿ ಹತ್ತೂವರೆ ಅಂಕ. ಯಜಮಾನರು ಊರಿಗೆ ಹೊರಟರು, ಅವಳೂ ಹೊರಟಳು. ಅಲ್ಲಿಗೆ ಅವಳ ಚೆಸ್ ಮುಗಿಯಿತು. ಬುದ್ಧಿ ಇತ್ತು, ಆಡೋಕೆ ಜಾಗ ಇರಲಿಲ್ಲ.

ಆ ಜಾಗ 1976ರ ನಂತರ ನಿಧಾನಕ್ಕೆ ದೊಡ್ಡದಾಗುತ್ತಾ ಬಂತು. 1985ರಲ್ಲಿ ಭಾಗ್ಯಶ್ರೀ ಸಾಠೆ ರಾಷ್ಟ್ರೀಯ ಪಟ್ಟ ಗೆದ್ದರು, ಒಟ್ಟು ಐದು ಸಲ ಗೆದ್ದು ರೋಹಿಣಿಯ ಸಾಲಿಗೆ ಬಂದರು. 2001ರಲ್ಲಿ ಚೆನ್ನೈನ ವಿಜಯಲಕ್ಷ್ಮಿ ನಮ್ಮ ಮೊದಲ ಮಹಿಳಾ ಗ್ರ್ಯಾಂಡ್‌ಮಾಸ್ಟರ್. 2002ರಲ್ಲಿ ಹದಿನೈದರ ಹಂಪಿ, ಗಂಡಸರಿಗೆ ಕೊಡುವ ಅದೇ ಗ್ರ್ಯಾಂಡ್‌ಮಾಸ್ಟರ್ ಬಿರುದನ್ನು ಗೆದ್ದ ಮೊದಲ ಭಾರತೀಯ ಹೆಣ್ಣುಮಗಳು. ಫಾತಿಮಾ ಗೆದ್ದಿದ್ದ ಬ್ರಿಟಿಷ್ ಮಹಿಳಾ ಪಟ್ಟವನ್ನೂ ಹಂಪಿ ಎರಡು ಸಲ ಗೆದ್ದು ತಂದಳು. ಹಂಪಿಯ ನಂತರ ಹಾರಿಕಾ, ವೈಶಾಲಿ, 2025ರಲ್ಲಿ ದಿವ್ಯಾ. ಒಟ್ಟು ನಾಲ್ಕು ಜನ. ಈ ನಾಲ್ವರೂ ಚಿಕ್ಕಂದಿನಿಂದ ಓಪನ್ ಪಂದ್ಯಗಳಲ್ಲಿ ಗಂಡುಹುಡುಗರ ಎದುರು ಕೂತು ಬೆಳೆದವರು. ಯಾರೂ ಅವರಿಗಾಗಿ ಹೈಕೋರ್ಟಿಗೆ ಹೋಗಬೇಕಾಗಲಿಲ್ಲ.

ಈಗ ಆ ನಾಲ್ವರ ಊರು ಹೇಳಿ ನೋಡಿ. ಹಂಪಿ, ಹಾರಿಕಾ ಆಂಧ್ರ. ವೈಶಾಲಿ ಚೆನ್ನೈ. ದಿವ್ಯಾ ನಾಗಪುರ. ಕರ್ನಾಟಕ? ಇಲ್ಲ. ಗಂಡುಮಕ್ಕಳಲ್ಲಾದರೂ ಮೈಸೂರಿನ ತೇಜಕುಮಾರ್ 2017ರಲ್ಲಿ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಮಹಿಳಾ ರಾಷ್ಟ್ರೀಯ ಚೆಸ್ಸಿಗೆ ಮೊದಲ ಮಣೆ ಹಾಕಿದ ರಾಜ್ಯ ನಮ್ಮದು. ಐವತ್ತು ವರ್ಷ ಆದರೂ ಈ ಪಟ್ಟಿಯಲ್ಲಿ ನಮ್ಮ ಹೆಣ್ಣುಮಕ್ಕಳ ಹೆಸರಿಲ್ಲ.

ಜಗಲಿಯ ಮೇಲೆ ಒಂದು ಜಾಗ

ನಮ್ಮ ಪೇಟೆಯಲ್ಲೂ ಚೆಸ್ ಇಲ್ಲದೇ ಇಲ್ಲ. ರಜೆ ದಿನ ಮುಚ್ಚಿದ ಅಂಗಡಿಗಳ ಜಗಲಿ ಮೇಲೆ ನೋಡಿ. ಇಬ್ಬರು ಆಡ್ತಾ ಇರ್ತಾರೆ, ಎಂಟು ಜನ ಹೇಳಿಕೊಡ್ತಾ ಇರ್ತಾರೆ. "ಕುದುರೆ ನಡೆಸೋ, ಆನೆ ಹೋಗುತ್ತೆ ನೋಡೋ" ಅಂತ ಬೊಬ್ಬೆ. ಆ ಗುಂಪಿನಲ್ಲಿ ಒಬ್ಬ ಹೆಣ್ಣು ಹುಡುಗಿ ಕೂತದ್ದನ್ನು ಈ ವರದಿಗಾರ ಕಂಡಿಲ್ಲ. ನೀವು ಕಂಡಿದ್ದರೆ ತಿಳಿಸಿ, ಸಂತೋಷ.

ಇಲ್ಲೊಂದು ತಮಾಷೆ ಗಮನಿಸಿ. ಯುರೋಪಿನ ಮಣೆಯ ಮೇಲೆ ರಾಜನ ಪಕ್ಕ ನಿಲ್ಲೋದು ರಾಣಿ. ಎಲ್ಲ ಕಾಯಿಗಳಿಗಿಂತ ಬಲವಾದದ್ದು ಅದೇ. ಅದೇ ಕಾಯಿ ನಮ್ಮಲ್ಲಿ ಮಂತ್ರಿ. ಅಂದರೆ ನಮ್ಮ ಮಣೆಯ ಮೇಲೆ ಹೆಣ್ಣೇ ಇಲ್ಲ, ಮೂವತ್ತೆರಡೂ ಗಂಡಸರ ಸೈನ್ಯ! ಆದರೆ ಕಾಲಾಳು ಒಂದೊಂದೇ ಮನೆ ನಡೆದು ಆಚೆ ತುದಿಯ ಎಂಟನೇ ಮನೆ ಮುಟ್ಟಿದರೆ ಮಂತ್ರಿಯಾಗಬಹುದು ಅನ್ನುವ ನಿಯಮ ಎಲ್ಲ ಕಡೆಯೂ ಒಂದೇ. ದಾರಿಯಲ್ಲಿ ಯಾರೂ ಅಡ್ಡ ನಿಲ್ಲಬಾರದು, ಅಷ್ಟೇ.

ಅಂಗಡಿಯವರಿಗೆ, ಬಸ್ಸಿನಲ್ಲಿ ಇದನ್ನು ಓದುತ್ತಿರುವ ತಂದೆತಾಯಂದಿರಿಗೆ ಒಂದೇ ಮಾತು. ಊರಲ್ಲಿ ಚೆಸ್ ಪಂದ್ಯ ಅಂತ ಬೋರ್ಡು ಬಿದ್ದಾಗ ಮಗನ ಹೆಸರು ಬರೆಸುವಾಗ ಮಗಳದ್ದನ್ನೂ ಬರೆಸಿ. ಅದೂ "ಬಾಲಕಿಯರ ವಿಭಾಗ" ಅನ್ನುವ ಕಡೆ ಮಾತ್ರ ಅಲ್ಲ, "ಓಪನ್" ಅನ್ನುವ ಕಡೆಯೂ. ಪಂದ್ಯ ನಡೆಸುವವರು ಯಾರಾದರೂ ಮುಖ ಸಿಂಡರಿಸಿದರೆ ಹೇಳಿ: ಈ ಜಗಳ 1976ರಲ್ಲೇ ಮುಗಿದಿದೆ ಸ್ವಾಮಿ, ಬೊಂಬಾಯಿಯ ಹದಿಮೂರರ ಹುಡುಗಿಯೊಬ್ಬಳು ಗೆದ್ದಾಗಿದೆ.